ಹೋಂಸ್ಟೇ ಸೈಟಿನಲ್ಲಿ ಶಾರ್ಟ್‌ಕೋಡ್‌ನಿಂದ ವಿಭಾಗ ಮಾಡಿದವರು ಇದ್ದೀರಾ? ಅನುಭವ ಹೇಳಿ

ಪ್ರಶ್ನೆ, ಶಿರಸಿಯಿಂದ: ತೋಟದ ಮನೆಯಲ್ಲಿ ಹೋಂಸ್ಟೇ ನಡೆಸುತ್ತೇವೆ. ನಮ್ಮ ವರ್ಡ್‌ಪ್ರೆಸ್ ಸೈಟಿನಲ್ಲಿ ಕೋಣೆ, ಊಟ, ಯಾಣ-ಸಹಸ್ರಲಿಂಗದ ದಾರಿ ಎಲ್ಲ ಒಂದೇ ಉದ್ದ ಪುಟ. ಒಂದೊಂದಕ್ಕೂ ಬೇರೆ ಬಣ್ಣದ ವಿಭಾಗ ಬೇಕು. ಥೀಮಿನ (ಸೈಟಿಗೆ ರೂಪ ಕೊಡುವ ವಿನ್ಯಾಸದ) ಜೊತೆಗೇ ಶಾರ್ಟ್‌ಕೋಡ್ (ಚೌಕ ಆವರಣದಲ್ಲಿ ಬರೆದರೆ ಆ ಜಾಗದಲ್ಲಿ ಸಿದ್ಧ ವಿಭಾಗ ತೋರಿಸುವ ಪದಗಳು) ಬಂದಿವೆ. ಅದನ್ನೇ ಹಾಕಲಾ?

ಕಾರವಾರದಿಂದ: ಇಲ್ಲಿನ ಕೆಲವು ಹೋಟೆಲುಗಳ ಸೈಟ್ ನಾನು ನೋಡಿಕೊಳ್ಳುತ್ತೇನೆ. ಶಾರ್ಟ್‌ಕೋಡ್ ಹಾಕಿ, ಆದರೆ ಥೀಮಿನದ್ದು ಖಂಡಿತ ಬೇಡ. ಥೀಮ್ ಬದಲಾದ ದಿನ ಅದು ಕೆಲಸ ನಿಲ್ಲಿಸುತ್ತದೆ, ಚೌಕ ಆವರಣದ ಪದಗಳು ಪುಟದ ತುಂಬ ಹಾಗೇ ಕಾಣುತ್ತವೆ. ಒಬ್ಬ ಗಿರಾಕಿಗೆ ಹೀಗಾಗಿ, ಸೀಸನ್ ಹೊತ್ತಿನಲ್ಲೇ ಒಂದೊಂದು ಪುಟ ತೆರೆದು ಕೈಯಿಂದ ತೆಗೆಯಬೇಕಾಯಿತು. ನೋಡಿ ಬೇಜಾರಾಯಿತು. ನಿಮ್ಮದೇ ಒಂದು ಪುಟ್ಟ ಪ್ಲಗಿನ್ (ಸೈಟಿಗೆ ಸೇರಿಸುವ ಬಿಡಿ ಕೋಡ್) ಮಾಡಿ ಅದರಲ್ಲಿ ಬರೆದಿಡಿ, ಥೀಮ್ ಯಾವುದೇ ಬರಲಿ ನಡೆಯುತ್ತದೆ. ಶಾರ್ಟ್‌ಕೋಡ್ ನಡೆಸುವ ಫಂಕ್ಷನ್ನಿನಲ್ಲಿ ಎಕೋ (ಅಲ್ಲೇ ನೇರ ಮುದ್ರಿಸುವುದು) ಬೇಡ, ರಿಟರ್ನ್ ಮಾಡಿ (ವರ್ಡ್‌ಪ್ರೆಸ್ಸಿಗೆ ಮರಳಿಸಿ). ಎಕೋ ಮಾಡಿದರೆ ವಿಭಾಗ ತನ್ನ ಜಾಗ ಬಿಟ್ಟು ಬರಹದ ಮೇಲೆ ಹೋಗಿ ಕೂರುತ್ತದೆ. ಶಾರ್ಟ್‌ಕೋಡಿಗೆ ಕ್ಲಾಸ್ ಹೆಸರು (ವಿಭಾಗದ ಗುರುತು) ಮಾತ್ರ ಕೊಡಿ. ಬಣ್ಣ, ಅಂಚು ಎಲ್ಲ ರೂಪ ಬರೆದಿಡುವ ಸಿಎಸ್‌ಎಸ್‌ನಲ್ಲಿರಲಿ. ನಾಳೆ ಹಸಿರು ಬೇಡ ಅನ್ನಿಸಿದರೆ ಒಂದೇ ಕಡೆ ತಿದ್ದಿದರಾಯಿತು.

ಕುಮಟಾದಿಂದ: ಮೇಲಿನವರ ಮಾತು ಸರಿ. ಇನ್ನೂ ಕೆಲವು ಸೇರಿಸುತ್ತೇನೆ. ವಿಭಾಗದೊಳಗೆ ಬುಕಿಂಗ್ ಫಾರ್ಮ್ ಅಥವಾ ಗ್ಯಾಲರಿಯ ಶಾರ್ಟ್‌ಕೋಡ್ ಇಡುವುದಾದರೆ ಒಳಗಿನ ಬರಹವನ್ನು, ಅದರಲ್ಲಿರುವ ಶಾರ್ಟ್‌ಕೋಡನ್ನೂ ನಡೆಸುವ ಡು-ಶಾರ್ಟ್‌ಕೋಡ್ ಫಂಕ್ಷನ್ನಿಗೆ ಕೊಡಲೇಬೇಕು. ಒಂದೇ ಹೆಸರಿನ ಶಾರ್ಟ್‌ಕೋಡನ್ನು ಅದರೊಳಗೇ ಮತ್ತೆ ಇಡಬೇಡಿ. ವರ್ಡ್‌ಪ್ರೆಸ್ ಮೊದಲು ಸಿಕ್ಕ ಮುಚ್ಚುವ ಟ್ಯಾಗಿಗೇ (ವಿಭಾಗದ ಕೊನೆ ತೋರಿಸುವ ಆವರಣದ ಪದಕ್ಕೇ) ನಿಲ್ಲಿಸಿಬಿಡುತ್ತದೆ. ಒಳವಿಭಾಗಕ್ಕೆ ಬೇರೆ ಹೆಸರಿಡಿ. ಆಮೇಲೆ, ಬೇರೆ ಕಡೆ ಟೈಪ್ ಮಾಡಿ ತಂದು ಅಂಟಿಸಿದರೆ ಉದ್ಧರಣ ಚಿಹ್ನೆ ಬಾಗಿರುತ್ತದೆ, ಕೊಟ್ಟ ಕ್ಲಾಸ್ ಹಿಡಿಯುವುದಿಲ್ಲ. ನೇರ ಚಿಹ್ನೆಯೇ ಬೇಕು.

ಹೊನ್ನಾವರದಿಂದ: ಪುಟವನ್ನು ದಿನಾ ತಿದ್ದುವವರು ಯಾರು? ಅದನ್ನು ಮೊದಲು ಯೋಚಿಸಿ. ನಮ್ಮಲ್ಲಿ ಅತ್ತಿಗೆ ಮೊಬೈಲಿನಲ್ಲೇ ಊಟದ ಪಟ್ಟಿ ಬದಲಾಯಿಸುತ್ತಾರೆ. ಇವತ್ತು ಬ್ರಾಹ್ಮಿ ತಂಬುಳಿ, ನಾಳೆ ಅಪ್ಪೆಹುಳಿ. ಅಳಿಸುವಾಗ ಒಂದು ಆವರಣ ಹೋದರೂ ಪುಟದ ರೂಪ ಕೆಡುತ್ತದೆ. 2018ರ ಡಿಸೆಂಬರ್‌ನಲ್ಲಿ ವರ್ಡ್‌ಪ್ರೆಸ್ 5.0 ಆವೃತ್ತಿಯ ಜೊತೆ, ಪುಟವನ್ನು ತುಂಡುತುಂಡಾಗಿ ತಿದ್ದುವ ಬ್ಲಾಕ್ ಎಡಿಟರ್ ಬಂತಲ್ವಾ, ಈಗ ಅದರಲ್ಲಿ ಹಲವು ತುಂಡುಗಳನ್ನು ಒಂದೇ ವಿಭಾಗವಾಗಿ ಕಟ್ಟುವ ಗ್ರೂಪ್ ಬ್ಲಾಕ್ ಇದೆ. ಬರೀ ಬಣ್ಣದ ವಿಭಾಗಕ್ಕೆ ಅಷ್ಟೇ ಸಾಕು, ಆವರಣದ ಗೊಡವೆಯೇ ಇಲ್ಲ. ಶಾರ್ಟ್‌ಕೋಡ್ ಚೆನ್ನಾಗಿ ಕೆಲಸಕ್ಕೆ ಬರುವುದು ಹಲವು ಪುಟಗಳಲ್ಲಿ ಒಂದೇ ಮಾತು ಬರುವಾಗ. ‘ಮಳೆಗಾಲದಲ್ಲಿ ಜಲಪಾತದ ಬಂಡೆ ಜಾರುತ್ತದೆ, ಇಳಿಯಬೇಡಿ’ ಅನ್ನುವ ಎಚ್ಚರಿಕೆಯ ಪೆಟ್ಟಿಗೆಯನ್ನು ನಾವು ಹಾಗೇ ಇಟ್ಟಿದ್ದೇವೆ. ಒಮ್ಮೆ ತಿದ್ದಿದರೆ ಎಲ್ಲ ಪುಟದಲ್ಲೂ ಬದಲಾಗುತ್ತದೆ.

ಶಿರಸಿಯಿಂದ: ಎಲ್ಲರಿಗೂ ಧನ್ಯವಾದ. ಊಟದ ಪುಟಕ್ಕೆ ಗ್ರೂಪ್ ಬ್ಲಾಕ್, ದರ ಮತ್ತು ಎಚ್ಚರಿಕೆಗೆ ಶಾರ್ಟ್‌ಕೋಡ್ ಅಂತ ಮಾಡುತ್ತೇವೆ. ಹಳೇ ಪುಟಗಳು ಮಾತ್ರ ಇನ್ನೂ ಹಿಂದಿನ ಕ್ಲಾಸಿಕ್ ಎಡಿಟರ್‌ನಲ್ಲಿವೆ. ಅಲ್ಲಿ ವಿಭಾಗದ ಮೇಲೆ ಕೆಳಗೆ ಸುಮ್ನೆ ಖಾಲಿ ಜಾಗ ಬರುತ್ತಿದೆ, ಯಾಕೆ?

ಕಾರವಾರದಿಂದ: ಎಂಟರ್ ಒತ್ತಿದಲ್ಲೆಲ್ಲ ವರ್ಡ್‌ಪ್ರೆಸ್ ತಾನಾಗಿ ಪ್ಯಾರಾ ಟ್ಯಾಗ್ ಹಾಕುತ್ತದೆ. ತೆರೆಯುವ ಟ್ಯಾಗ್ ಆದ ಕೂಡಲೇ ಅದೇ ಸಾಲಿನಲ್ಲಿ ಬರಹ ಶುರು ಮಾಡಿ, ಕೊನೆಯ ಪದಕ್ಕೆ ತಾಗಿಸಿ ಮುಚ್ಚಿ. ಜಾಗ ಹೋಗುತ್ತದೆ.