ಒಣಗಿದ ರೋಸ್‌ಹಿಪ್‌ನ ಕಷಾಯ ಕುಡಿದರೆ ಗಂಟಲು ಕೆರೆಯುವುದೇಕೆ?

ಪ್ರಶ್ನೆ

ಕಾಡು ಗುಲಾಬಿಯ ಪಕಳೆಗಳು ಉದುರಿದ ಮೇಲೆ ಹೂವಿನ ಬುಡವೇ ಉಬ್ಬಿ ಕೆಂಪಾಗುವ ಹಣ್ಣನ್ನು ರೋಸ್‌ಹಿಪ್ ಎನ್ನುತ್ತಾರಷ್ಟೆ. ಅದನ್ನು ಒಣಗಿಸಿದ್ದು ಅರ್ಧ ಕಿಲೋದಷ್ಟು ನನ್ನ ಕೈಗೆ ಬಂದಿದೆ. ಎರಡು ಚಮಚದಷ್ಟನ್ನು ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿ, ಹತ್ತು ನಿಮಿಷ ಕುದಿಸಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿ ಕುಡಿದೆ. ಹುಳಿ ಹಿತವಾಗಿಯೇ ಇತ್ತು. ಆದರೆ ನಾಲ್ಕು ಗುಟುಕು ಇಳಿಯುವಷ್ಟರಲ್ಲಿ ಗಂಟಲು ಕೆರೆಯತೊಡಗಿತು, ಪುಡಿ ತಗುಲಿದ ಬೆರಳ ಸಂದುಗಳೂ ಸಂಜೆಯವರೆಗೆ ತುರಿಸುತ್ತಿದ್ದವು. ಇದು ಅಲರ್ಜಿಯೇ, ಅಥವಾ ನಾನು ಮಾಡಿದ ಕ್ರಮದಲ್ಲಿಯೇ ದೋಷವಿದೆಯೇ? ಇಷ್ಟು ಕುದಿಸಿದ ಮೇಲೆ ಇದರಲ್ಲಿ ಹೇರಳವಾಗಿದೆಯೆಂದು ಹೇಳುವ ವಿಟಮಿನ್ ಸಿ ಉಳಿಯುತ್ತದೆಯೇ? ನನ್ನ ತಾಯಿಯವರ ಮಂಡಿನೋವಿಗೆ ಇದರ ಪುಡಿಯನ್ನು ಕೊಡುವಂತೆ ಕೆಲವರು ಸಲಹೆ ನೀಡಿದ್ದಾರೆ. ಅವರಿಗೆ ಹಿಂದೊಮ್ಮೆ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು ಎಂಬುದನ್ನೂ ಇಲ್ಲಿಯೇ ತಿಳಿಸಿಬಿಡುತ್ತೇನೆ.

ಉತ್ತರ 1

ನಿಮ್ಮ ವಿವರಣೆಯನ್ನು ನೋಡಿದರೆ ಅಲರ್ಜಿಗಿಂತ ಹೆಚ್ಚಾಗಿ ಹಣ್ಣಿನ ಒಳಗಿನ ರೋಮಗಳದ್ದೇ ಕೆಲಸವೆಂದು ತೋರುತ್ತದೆ. ಒಂದು ಹಣ್ಣನ್ನು ಸೀಳಿ ಬೆಳಕಿಗೆ ಹಿಡಿದು ನೋಡಿ: ಗಟ್ಟಿಯಾದ ಬೀಜಗಳ ನಡುವೆ ಹೊಂಬಣ್ಣದ, ಸೂಜಿಯಂತೆ ನೆಟ್ಟಗಿರುವ ನವಿರು ಕೂದಲುಗಳು ಕಿಕ್ಕಿರಿದಿರುತ್ತವೆ. ಅವು ಚರ್ಮಕ್ಕೂ ಗಂಟಲಿಗೂ ಚುಚ್ಚಿ ಕೆರೆತ ಹುಟ್ಟಿಸುತ್ತವೆ. ಯೂರೋಪಿನ ಮಕ್ಕಳು ಇವನ್ನೇ ಕೆರೆದು ತೆಗೆದು ಸಹಪಾಠಿಗಳ ಅಂಗಿಯೊಳಗೆ ಉದುರಿಸುವ ತುರಿಕೆಪುಡಿಯನ್ನಾಗಿ ಬಳಸುತ್ತಿದ್ದರು. ತಾವು ಅದನ್ನೇ ಕುದಿಸಿ ಕುಡಿದಿದ್ದೀರಿ.

ಮಿಕ್ಸಿಗೆ ಹಾಕಿದರೆ ರೋಮಗಳು ತುಂಡಾಗಿ ಇನ್ನಷ್ಟು ಸಣ್ಣಗಾಗುತ್ತವೆ, ಚಹಾ ಜಾಲರಿಯ ಕಣ್ಣುಗಳಿಗೆ ಅವನ್ನು ತಡೆಯುವ ಶಕ್ತಿಯಿಲ್ಲ. ತಾಜಾ ಹಣ್ಣಾದರೆ ಉದ್ದಕ್ಕೆ ಎರಡು ಹೋಳು ಮಾಡಿ, ಪುಟ್ಟ ಚಮಚದಿಂದ ಒಳಗಿನದನ್ನೆಲ್ಲ ಕೆರೆದು ತೆಗೆದು, ಬರಿಯ ಸಿಪ್ಪೆ ತಿರುಳನ್ನು ಒಣಗಿಸುತ್ತಾರೆ. ಇಡಿಯಾಗಿ ಒಣಗಿದ್ದನ್ನು ಕುಟ್ಟಿ ಒಡೆದು, ಜರಡಿಯಲ್ಲಿ ಅಲ್ಲಾಡಿಸಿದರೆ ರೋಮದ ಬಹುಪಾಲು ಕೆಳಗೆ ಉದುರುತ್ತದೆ. ಅದನ್ನು ಗಾಳಿ ಬೀಸದ ಜಾಗದಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಬೇಕು. ಇಷ್ಟಾದ ಮೇಲೂ ಕಷಾಯವನ್ನು ಒತ್ತಾಗಿ ನೇಯ್ದ ಹತ್ತಿಬಟ್ಟೆಯಲ್ಲಿ ಎರಡು ಬಾರಿ ಸೋಸುವುದು ಕಡ್ಡಾಯ, ಎರಡನೆಯ ಬಾರಿಗೆ ಬಟ್ಟೆ ತೊಳೆದದ್ದಾಗಿರಲಿ.

ಇದೇ ಕಾರಣಕ್ಕೆ ಹಂಗೇರಿಯಲ್ಲಿಯೂ ಜರ್ಮನಿಯ ಫ್ರಾಂಕೋನಿಯಾ ಪ್ರಾಂತದಲ್ಲಿಯೂ ಜಾಮ್ ಮಾಡುವವರು ಹಣ್ಣನ್ನು ಮೆತ್ತಗಾಗಿಸಿ, ನವಿರಾದ ಜರಡಿಯ ಮೇಲೆ ಉಜ್ಜಿ ಉಜ್ಜಿ ತಿರುಳನ್ನು ಮಾತ್ರ ಇಳಿಸುತ್ತಾರೆ. ಫ್ರಾಂಕೋನಿಯಾದಲ್ಲಿ ಹಿಫೆನ್‌ಮಾರ್ಕ್ ಎನ್ನುವ ಈ ತಿರುಳು ಎಣ್ಣೆಯಲ್ಲಿ ಕರಿದ ಕ್ರಾಪ್ಫೆನ್‌ಗಳ ಒಳಗೆ ಹೂರಣವಾಗಿ ಸೇರುತ್ತದೆ. ಮೊದಲ ಹಿಮ ಬಿದ್ದ ಮೇಲೆ ಕಿತ್ತ ಹಣ್ಣು ತಾನಾಗಿಯೇ ಮೆತ್ತಗಾಗಿರುವುದರಿಂದ ಉಜ್ಜುವವರ ತೋಳಿಗೂ ಅಷ್ಟು ನೋವಿಲ್ಲ.

ಉತ್ತರ 2

ವಿಟಮಿನ್ ಸಿ ಕುರಿತು. ತಾಜಾ ಕಾಡು ರೋಸ್‌ಹಿಪ್‌ನ 100 ಗ್ರಾಂನಲ್ಲಿ ಸುಮಾರು 400 ಮಿಲಿಗ್ರಾಂ ಇರುತ್ತದೆ, ಅಂದರೆ ಕಿತ್ತಳೆಯ ಏಳೆಂಟು ಪಟ್ಟು. ಆದರೆ ತಳಿ, ಮಾಗಿದ ಹದ ಮತ್ತು ಒಣಗಿಸಿದ ಬಗೆಗೆ ತಕ್ಕಂತೆ ಇದು ಬಹಳ ಏರಿಳಿಯುತ್ತದೆ.

ಕುದಿಸುವುದರಿಂದ ಒಂದಷ್ಟು ನಷ್ಟವಾಗುವುದು ನಿಜ. ಆದರೆ ಬೆಂಕಿಯೊಂದನ್ನೇ ದೂರುವುದು ಸರಿಯಲ್ಲ. ತಾಜಾ ಹಣ್ಣನ್ನು ಜಜ್ಜಿದ ಕೂಡಲೇ ಅದರೊಳಗಿನ ಕಿಣ್ವವೊಂದು ಗಾಳಿಯ ನೆರವಿನಿಂದ ವಿಟಮಿನ್ ಸಿಯನ್ನು ಕೆಡಿಸತೊಡಗುತ್ತದೆ, ಕುದಿಯುವ ನೀರು ಆ ಕಿಣ್ವವನ್ನು ನಿಲ್ಲಿಸುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳ ಹಾವಳಿಯಿಂದ ಬ್ರಿಟನ್ನಿಗೆ ಕಿತ್ತಳೆ ಬರುವುದು ವಿರಳವಾದಾಗ, 1941ರಿಂದ ಅಲ್ಲಿನ ಸರ್ಕಾರವು ಶಾಲಾಮಕ್ಕಳನ್ನೂ ಸ್ವಯಂಸೇವಕರನ್ನೂ ಬೇಲಿಸಾಲುಗಳಿಗೆ ಕಳುಹಿಸಿ ಈ ಹಣ್ಣನ್ನು ಸಂಗ್ರಹಿಸಿ ಶಿಶುಗಳಿಗೆ ಪಾನಕ ತಯಾರಿಸಿತು. ಮನೆಯಲ್ಲಿ ಮಾಡುವವರಿಗಾಗಿ ಆಹಾರ ಸಚಿವಾಲಯ ಹೊರಡಿಸಿದ ಕ್ರಮದಲ್ಲಿ ಈ ವಿಷಯವೇ ಮುಖ್ಯ: ಸುಮಾರು 900 ಗ್ರಾಂ ಹಣ್ಣನ್ನು ದಪ್ಪಗೆ ಅರೆದು, ಅರೆದ ಕ್ಷಣವೇ 1.7 ಲೀಟರ್ ಕುದಿಯುವ ನೀರಿಗೆ ಹಾಕಿ, ಮತ್ತೊಮ್ಮೆ ಕುದಿ ಬಂದೊಡನೆ ಇಳಿಸಿ ಕಾಲು ಗಂಟೆ ಬಿಡಬೇಕು. ಸೋಸಿ, ಉಳಿದ ಗಸಿಗೆ ಮತ್ತೆ ಮೊದಲಿನ ನೀರಿನ ಅರ್ಧದಷ್ಟು ಕುದಿನೀರು ಹಾಕಿ ಇನ್ನೊಮ್ಮೆ ತೆಗೆದು, ಎರಡೂ ರಸವನ್ನು ಒಟ್ಟಾಗಿ ಸುಮಾರು 850 ಮಿಲಿಲೀಟರಿಗೆ ಬತ್ತಿಸಿ, ಸುಮಾರು 560 ಗ್ರಾಂ ಸಕ್ಕರೆ ಬೆರೆಸಿ, ಐದು ನಿಮಿಷ ಕುದಿಸಿ ಬಾಟಲಿಗೆ ತುಂಬುತ್ತಿದ್ದರು.

ತಾಮ್ರದ ಪಾತ್ರೆ ಬೇಡ. ತಾಮ್ರವು ಇದೇ ನಷ್ಟವನ್ನು ತ್ವರಿತಗೊಳಿಸುತ್ತದೆ. ಇನ್ನೊಂದು ಮಾತು: ಆ ಪಾನಕವನ್ನು ಚೀಪುವ ರಬ್ಬರಿಗೆ ಸವರಿ ಮಗುವಿನ ಬಾಯಿಗಿಡುವ ರೂಢಿಯಿಂದ ಎಷ್ಟೋ ಹಾಲುಹಲ್ಲುಗಳು ಹುಳುಕಾದವು. ಕಾಳಜಿಯಿಂದ ಕೊಟ್ಟದ್ದಾದರೂ ಅದು ಸಕ್ಕರೆಯ ಪಾಕವೇ.

ಉತ್ತರ 3

ನಿಮ್ಮ ಬಳಿ ಅರ್ಧ ಕಿಲೋ ಇರುವುದರಿಂದ ಸ್ವೀಡನ್ನಿನ ನೀಪೊನ್‌ಸೊಪ್ಪಾವನ್ನು ಪ್ರಯತ್ನಿಸಬಹುದು. ಒಣಹಣ್ಣನ್ನು ರಾತ್ರಿ ನೆನೆಸಿ, ಬೇಯಿಸಿ, ಬಟ್ಟೆಯಲ್ಲಿ ಸೋಸಿ, ಸಕ್ಕರೆಯೊಂದಿಗೆ ತಣ್ಣೀರಿನಲ್ಲಿ ಕದಡಿದ ಆಲೂಗಡ್ಡೆ ಪಿಷ್ಟವನ್ನು ಸೇರಿಸಿ, ತೆಳ್ಳನೆಯ ಗಂಜಿಯ ಹದಕ್ಕೆ ಬಂದಾಗ ಇಳಿಸುತ್ತಾರೆ. ಬಿಸಿಯಾಗಿಯೂ ತಣ್ಣಗೂ ಸೇವಿಸುತ್ತಾರೆ, ಮೇಲೆ ಕೆನೆ ಮತ್ತು ಪುಟ್ಟ ಬಾದಾಮಿ ಬಿಸ್ಕತ್ತು. ನನ್ನ ಅನುಭವದಲ್ಲಿ ಕಷಾಯಕ್ಕಿಂತ ಇದೇ ರುಚಿಕರ.

ಉತ್ತರ 4

ತಾಯಿಯವರ ವಿಚಾರದಲ್ಲಿ ಆತುರ ಬೇಡ. ಮಂಡಿಯೂ ಸೇರಿದಂತೆ ಕೀಲುಗಳ ಸಂಧಿಸವೆತಕ್ಕೆ ರೋಸ್‌ಹಿಪ್ ಪುಡಿಯನ್ನು ಪರೀಕ್ಷಿಸಿದ ಮೂರು ಪ್ರಯೋಗಗಳನ್ನು 2008ರಲ್ಲಿ ಒಟ್ಟುಗೂಡಿಸಿ ನೋಡಿದಾಗ ನೋವು ಸ್ವಲ್ಪ ಮಟ್ಟಿಗೆ ಇಳಿದದ್ದು ಕಂಡುಬಂದಿದೆ. ಆದರೆ ಮೂರರಲ್ಲಿಯೂ ಸೇರಿ ಭಾಗವಹಿಸಿದವರು 287 ಜನ ಮಾತ್ರ, ಅವಧಿಯೂ ಕೆಲವೇ ತಿಂಗಳು. ಅಲ್ಲಿ ಬಳಸಿದ್ದು ನಿರ್ದಿಷ್ಟ ವಿಧಾನದಲ್ಲಿ ತಯಾರಿಸಿ ಅಳತೆ ಮಾಡಿದ ಪುಡಿ; ಮನೆಯ ಕಷಾಯವನ್ನು ಅದಕ್ಕೆ ಸಮವೆಂದು ಎಣಿಸುವಂತಿಲ್ಲ.

ಹೆಚ್ಚಿನ ಪ್ರಮಾಣದ ವಿಟಮಿನ್ ಸಿ ದೇಹದಲ್ಲಿ ಭಾಗಶಃ ಆಕ್ಸಲೇಟ್ ಆಗುತ್ತದೆ, ಮೂತ್ರಪಿಂಡದ ಕಲ್ಲುಗಳಲ್ಲಿ ಬಹುಪಾಲು ಅದರಿಂದಲೇ ಕಟ್ಟಿದವು. ಅಪರೂಪಕ್ಕೊಂದು ಲೋಟ ಕಷಾಯದ ಮಾತು ಬೇರೆ. ದಿನವೂ ಪುಡಿ ಕೊಡುವುದಾದರೆ ಮೊದಲು ಅವರ ವೈದ್ಯರನ್ನು ಕೇಳಿ, ಹಿಂದಿನ ಕಲ್ಲು ಯಾವ ಬಗೆಯದೆಂಬುದು ವರದಿಯಲ್ಲಿದ್ದರೆ ಅದನ್ನೂ ಒಯ್ಯಿರಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಕುಟ್ಟಿ, ಜರಡಿ ಹಿಡಿದು, ಕಷಾಯವನ್ನು ಹಳೆಯ ಬಿಳಿ ಬಟ್ಟೆಯಲ್ಲಿ ಎರಡು ಬಾರಿ ಸೋಸಿದೆ. ಮೊದಲ ಸಲ ಸೋಸಿದ ಬಟ್ಟೆಯ ಮೇಲೆ ತೆಳುವಾಗಿ ಹೊಂಬಣ್ಣದ ಪದರವೊಂದು ಉಳಿದಿತ್ತು. ಮೊದಲ ದಿನ ಅಷ್ಟನ್ನೂ ನುಂಗಿದ್ದೆನಲ್ಲ ಎಂದು ನಗು ಬಂತು. ಈ ಬಾರಿ ಗಂಟಲು ಕೆರೆಯಲಿಲ್ಲ. ತಾಯಿಯವರ ಹಳೆಯ ವರದಿಯನ್ನು ಹುಡುಕಿ ತೆಗೆದಿಟ್ಟಿದ್ದೇನೆ, ವೈದ್ಯರ ಮಾತು ಕೇಳುವವರೆಗೆ ಪುಡಿ ಡಬ್ಬಿಯಲ್ಲಿಯೇ ಇರುತ್ತದೆ.