ಅಜ್ಜಿಗೆ ದಿಢೀರ್ ಜ್ವರ, ಫ್ಲೂ ಇರಬಹುದಾ?

ಬದಿಯಡ್ಕದಿಂದ: ಅಜ್ಜಿಗೆ 72 ವರ್ಷ, ಶುಗರ್ ಇದೆ. ನಿನ್ನೆ ಮಧ್ಯಾಹ್ನ ತೋಟದಲ್ಲಿ ಅಡಿಕೆ ಹೆಕ್ಕುತ್ತಿದ್ದರು, ಸಂಜೆಗೆ ಚಳಿ ಹಿಡಿದು 102 ಡಿಗ್ರಿ ಜ್ವರ, ಮೈಕೈ ನೋವು, ಒಣ ಕೆಮ್ಮು. ಕಷಾಯ ಕೊಟ್ಟು ಕಾಯಬಹುದಾ?

ಕುಂಬಳೆಯಿಂದ: ಕಾಯಬೇಡಿ. ಸಾದಾ ಶೀತ ನಿಧಾನಕ್ಕೆ ಶುರುವಾಗುತ್ತದೆ, ಫ್ಲೂ ಹೀಗೆ ಒಮ್ಮೆಲೇ ಮಲಗಿಸುತ್ತದೆ. ವಯಸ್ಸೂ ಶುಗರೂ ಎರಡೂ ಇರುವುದರಿಂದ ಇವತ್ತೇ ಡಾಕ್ಟರಿಗೆ ತೋರಿಸಿ, ಯಾಕಂದ್ರೆ ಫ್ಲೂ ವೈರಸ್ಸಿನ ಔಷಧಿ ಓಸೆಲ್ಟಾಮಿವಿರ್ ಮಾತ್ರೆಯನ್ನು ಜ್ವರ ಬಂದ 48 ಗಂಟೆಯೊಳಗೆ ಶುರು ಮಾಡಿದರೆ ಗುಣ ಜಾಸ್ತಿ. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಸುಮ್ನೆ ಕೊಡಬೇಡಿ, ವೈರಸ್ಸಿಗೆ ಅದು ನಾಟುವುದಿಲ್ಲ.

ಮಂಜೇಶ್ವರದಿಂದ: ತೋಟಕ್ಕೆ ಹೋಗುವವರು ಅಲ್ವಾ, ಇಲಿಜ್ವರ, ಡೆಂಗಿಯೂ ಹೀಗೇ ಶುರುವಾಗುತ್ತದೆ, ಡಾಕ್ಟರಿಗೆ ಅದನ್ನೂ ಹೇಳಿ. ಗಂಜಿತಿಳಿ ಕುಡಿಸುತ್ತಿರಿ. ಉಸಿರು ಕಟ್ಟಿದರೆ, ಮಾತು ತಡವರಿಸಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಬದಿಯಡ್ಕದಿಂದ: ಹೊರಟೆವು. ಫ್ಲೂ ಲಸಿಕೆ ಯಾವಾಗ ಹಾಕಿಸಬೇಕು?

ಕುಂಬಳೆಯಿಂದ: ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲೇ. ಕೆಲಸ ಮಾಡಲು ಸುಮಾರು 2 ವಾರ ಬೇಕು.