ಟೊಮ್ಯಾಟೊ ಅಂದರೆ ರೇಟು ಅಂದುಕೊಂಡರು ದೊಡ್ಡಪ್ಪ

ನಮ್ಮ ಮನೆ ವಾಟ್ಸಾಪ್ ಗುಂಪಿನಲ್ಲಿ 19 ಜನ ಇದ್ದೇವೆ. ದಿನಾ ಶುಭೋದಯ, ಹಬ್ಬಕ್ಕೆ ದೀಪದ ಚಿತ್ರ, ಯಾರಾದರೂ ತೀರಿಕೊಂಡರೆ ಕೈ ಮುಗಿಯುವ ಚಿತ್ರ. ಜಗಳ ಕಡಿಮೆ. ಹೋದ ಭಾನುವಾರ ಮಾತ್ರ ಬೆಳಿಗ್ಗೆ ಏಳಕ್ಕೆ ಶುರುವಾದ ಮಾತು ರಾತ್ರಿವರೆಗೂ ಎಳೆಯಿತು. ಹಚ್ಚಿದವನು ನಾನೇ.

ನಾನು ಕೋಲಾರದ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವನು. ಆಫೀಸಿನ ಗುಂಪಿನಲ್ಲಿ ಬಂದ ಒಂದು ಬರಹ ಚೆನ್ನಾಗಿದೆ ಅನ್ನಿಸಿತು. ಸುಮ್ನೆ ಇಲ್ಲಿಗೂ ತಳ್ಳಿದೆ. ತಲೆಬರಹ 'ಟೊಮ್ಯಾಟೊ ವಿಧಾನ: ಅರ್ಧ ಹೊತ್ತಿನಲ್ಲಿ ಎರಡರಷ್ಟು ಕೆಲಸ'.

ಮೊದಲು ಉತ್ತರ ಬಂದಿದ್ದು ದೊಡ್ಡಪ್ಪನಿಂದ. ಅವರು ವಡ್ಡಹಳ್ಳಿ ಹತ್ತಿರ ತೋಟದಲ್ಲಿರುತ್ತಾರೆ.

ದೊಡ್ಡಪ್ಪ: ಟೊಮ್ಯಾಟೊ ಅಂತ ನೋಡಿ ಕನ್ನಡಕ ಹುಡುಕಿ ಹಾಕಿಕೊಂಡೆ. ರೇಟು ಎಲ್ಲಿ ಬರೆದಿದ್ದಾರೆ? ಬಾಕ್ಸಿಗೆ ಎಷ್ಟಂತೆ?

ನಾನು: ಇದು ಮಂಡಿ ಟೊಮ್ಯಾಟೊ ಅಲ್ಲ ದೊಡ್ಡಪ್ಪ. ಇಟಲಿಯಲ್ಲಿ ಫ್ರಾನ್ಸೆಸ್ಕೊ ಚಿರಿಲ್ಲೊ ಅಂತ ಒಬ್ಬರು. 1980ರ ದಶಕದ ಕೊನೆಯಲ್ಲಿ ಕಾಲೇಜಿನಲ್ಲಿದ್ದಾಗ ಓದೋಕೆ ಮನಸ್ಸು ನಿಲ್ಲುತ್ತಿರಲಿಲ್ಲ. ಅಡುಗೆಮನೆಯ ಟೈಮರ್ ತಂದು ಮುಂದೆ ಇಟ್ಟುಕೊಂಡರು. ಅದು ಟೊಮ್ಯಾಟೊ ಆಕಾರದಲ್ಲಿತ್ತು. ಮೊದಲು ಹತ್ತೇ ನಿಮಿಷ ಓದುತ್ತೇನೆ ಅಂತ ತಮಗೆ ತಾವೇ ಪಂಥ ಕಟ್ಟಿದರು. ಆಮೇಲೆ ಅದು 25 ನಿಮಿಷ ಕೆಲಸ, 5 ನಿಮಿಷ ಬಿಡುವು ಅಂತ ಆಯಿತು. ಹಾಗೆ ನಾಲ್ಕು ಸಲ ಆದ ಮೇಲೆ ದೊಡ್ಡ ಬಿಡುವು. ಆ 25 ನಿಮಿಷ ಬೇರೆ ಏನೂ ಮುಟ್ಟಬಾರದು, ಯಾರಿಗೂ ಓಗೊಡಬಾರದು. ಅವರ ಭಾಷೆಯಲ್ಲಿ ಪೊಮೊದೊರೊ ಅಂದರೆ ಟೊಮ್ಯಾಟೊ.

ದೊಡ್ಡಪ್ಪ: ಓಹೋ. ಟೊಮ್ಯಾಟೊ ಬೆಳೆಯದೆಯೇ ಟೊಮ್ಯಾಟೊ ಹೆಸರಲ್ಲಿ ದುಡ್ಡು ಮಾಡೋರು ಅಲ್ಲೂ ಇದ್ದಾರೆ.

ಐದು ನಿಮಿಷ ಬಿಟ್ಟು ಮತ್ತೆ ಬರೆದರು. ದೊಡ್ಡಪ್ಪ ಬೆರಳಲ್ಲಿ ಒತ್ತುವುದಿಲ್ಲ, ಫೋನಿಗೆ ಮಾತಾಡಿ ಬರೆಸುತ್ತಾರೆ. ಹಾಗಾಗಿ ಉದ್ದ ಬರುತ್ತೆ, ನಡುವೆ ನಾಯಿಗೆ ಬೈದಿದ್ದೂ ಬರುತ್ತೆ. ನಾಯಿಯದನ್ನು ಬಿಟ್ಟಿದ್ದೇನೆ.

ದೊಡ್ಡಪ್ಪ: ಹೊತ್ತು ನನ್ನ ಕೈಲಿದ್ದರೆ ತಾನೇ ಮಗಾ, 25 ನಿಮಿಷ ಅಂತ ಕತ್ತರಿಸೋದು. ತ್ರೀ ಫೇಸ್ ಕರೆಂಟು ರಾತ್ರಿ ಒಂದಕ್ಕೆ ಬಂದರೆ ಒಂದಕ್ಕೇ ಎದ್ದು ಮೋಟರ್ ಹಾಕಬೇಕು. ಹಸು ಐದೂವರೆಗೆ ಕೂಗುತ್ತೆ. ಡೈರಿ ಬಾಗಿಲು ಹಾಕೋದರೊಳಗೆ ಹಾಲು ಅಲ್ಲಿರಬೇಕು. ನಾಟಿ ಮಾಡಿ ಎರಡು ತಿಂಗಳು ದಾಟಿತು ಅಂದರೆ ಮೂರು ನಾಲ್ಕು ದಿನಕ್ಕೊಂದು ಸಲ ಹಣ್ಣು ಬಿಡಿಸಲೇಬೇಕು. ಇವತ್ತು ಮನಸ್ಸಿಲ್ಲ ಅಂತ ಬಿಟ್ಟರೆ ನಾಡಿದ್ದು ಬಾಕ್ಸಲ್ಲೇ ನೀರು ಬಿಡುತ್ತೆ. 2023ರ ಜುಲೈಯಲ್ಲಿ 15 ಕೆಜಿ ಬಾಕ್ಸು 2,000 ದಾಟಿತು ನೋಡು. ಆವಾಗ ಎಲ್ಲರೂ ಬಂದು ನಿಮ್ಮ ಗುಟ್ಟೇನು ಅಂತ ಕೇಳಿದರು. ಅದೇ ತೋಟ, ಅದೇ ನಾಲ್ಕು ಜನ ಆಳು, ಅದೇ ಹೊತ್ತು. ರೇಟು ಬಿದ್ದಾಗಲೂ ಅದೇ ಹೊತ್ತಿಗೇ ಎದ್ದಿದ್ದೆ. ಆವಾಗ ಯಾರೂ ಗುಟ್ಟು ಕೇಳಲಿಲ್ಲ.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಚಿಕ್ಕಪ್ಪನ ಹತ್ತಿರ ಇತ್ತು. ಅವರು ಸರ್ಕಾರಿ ಆಫೀಸಿನಲ್ಲಿ ಮೂವತ್ತು ವರ್ಷದ ಮೇಲೆ ಕೆಲಸ ಮಾಡಿ ರಿಟೈರ್ ಆದವರು. ಎಲ್ಲದಕ್ಕೂ ಅವರ ಹತ್ತಿರ ಉತ್ತರ ಇರುತ್ತೆ.

ಚಿಕ್ಕಪ್ಪ: ಅಣ್ಣ ಹೇಳಿದ್ದು ರೈತರ ಮಾತಾಯಿತು. ನೌಕರಿ ಮಾಡೋರಿಗೆ ಶಿಸ್ತು ಬೇಕು. ಬೆಳಿಗ್ಗೆ ಐದಕ್ಕೆ ಏಳಿ, ಅರ್ಧ ಗಂಟೆ ನಡೆಯಿರಿ, ಆ ದಿನದ ಕೆಲಸ ಚೀಟಿಯಲ್ಲಿ ಬರೆದುಕೊಳ್ಳಿ. ನಾನು ಇವತ್ತಿಗೂ ಹಾಗೇ. ಈಗಿನವರಿಗೆ ಟೈಮ್ ಇಲ್ಲ ಅನ್ನೋದೊಂದು ಚಟ.

ಅಣ್ಣ: ಚಿಕ್ಕಪ್ಪಾ, ನಾನು ಏಳೋದೇ ನಾಲ್ಕೂಮುಕ್ಕಾಲಿಗೆ. ಬೈಕಲ್ಲಿ ಬಂಗಾರಪೇಟೆ, ಅಲ್ಲಿಂದ ಬೆಂಗಳೂರಿಗೆ 70 ಕಿಲೋಮೀಟರ್ ರೈಲು. ಮಾರಿಕುಪ್ಪಂ ಕಡೆಯಿಂದ ಬರೋ ಗಾಡಿ ನಮ್ಮ ಹತ್ತಿರ ಬರೋ ಹೊತ್ತಿಗೇ ತುಂಬಿರುತ್ತೆ. ಒಂದು ಕೈಲಿ ಕಂಬಿ, ಇನ್ನೊಂದು ಕೈಲಿ ಬ್ಯಾಗು. ಚೀಟಿ ಬರೆಯೋಕೆ ಮೂರನೇ ಕೈ ಕೊಡಿ.

ಭಾವ ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಮಾಡುತ್ತಾರೆ. ರಾತ್ರಿ ಪಾಳಿ ಮುಗಿಸಿ ಮಲಗಬೇಕಾದವರು ಮಲಗದೆ ಇದನ್ನೆಲ್ಲ ಓದುತ್ತಿದ್ದರು ಅಂತ ಕಾಣುತ್ತೆ.

ಭಾವ: ಮಾವ, ತಪ್ಪು ತಿಳಿಯಬೇಡಿ. ಪಾರ್ಕಿನ್ಸನ್ ಅಂತ ಒಬ್ಬರು 1955ರಲ್ಲಿ ಬರೆದಿದ್ದಾರೆ. ಕೆಲಸಕ್ಕೆ ಎಷ್ಟು ಹೊತ್ತು ಕೊಡುತ್ತೀರೋ ಅಷ್ಟೂ ತಿಂದು ಊದಿಕೊಳ್ಳುತ್ತಂತೆ. ಬಿಡುವಾಗಿರೋ ಮುದುಕಿಗೆ ಒಂದು ಕಾರ್ಡು ಬರೆದು ಡಬ್ಬಕ್ಕೆ ಹಾಕೋಕೆ ಇಡೀ ದಿನ ಬೇಕಾಗುತ್ತಂತೆ. ಬ್ರಿಟಿಷ್ ನೌಕಾಪಡೆಯ ಲೆಕ್ಕವನ್ನೂ ಕೊಟ್ಟಿದ್ದಾರೆ. 1914ರಲ್ಲಿ ದೊಡ್ಡ ಯುದ್ಧನೌಕೆ 62, 1928ಕ್ಕೆ 20. ಆಫೀಸಿನಲ್ಲಿ ಕೂತ ಅಧಿಕಾರಿಗಳು ಮಾತ್ರ 2,000 ಇದ್ದವರು 3,569 ಆದರು.

ಚಿಕ್ಕಪ್ಪ: ನಮ್ಮ ಆಫೀಸಿನಲ್ಲಿ ಹಡಗು ಇರಲಿಲ್ಲ.

ಇಲ್ಲಿಗೆ ಹತ್ತು ಜನ ನಗುವ ಮುಖ ಹಾಕಿದರು. ಮುಗಿಯಿತು ಅಂದುಕೊಂಡೆ. ಆದರೂ ನನ್ನ ಬರಹ ಗೆಲ್ಲಲಿಲ್ಲವಲ್ಲ ಅಂತ ಒಳಗೊಳಗೇ ಕೊರೆಯುತ್ತಿತ್ತು. ಅದಕ್ಕೆ ಇನ್ನೊಂದು ಮಾತು ಸೇರಿಸಿದೆ. ಸೇರಿಸಬಾರದಿತ್ತು.

ನಾನು: ಯಾರು ಏನೇ ಹೇಳಿ, ನನಗಂತೂ ಕೆಲಸ ಮಾಡಿದೆ. ತಿಂಗಳ ಕೊನೆಯ ರಿಪೋರ್ಟು ಮೊದಲು ರಾತ್ರಿ ಒಂಬತ್ತಾಗುತ್ತಿತ್ತು. ಈಗ ಆರೂವರೆಗೆ ಮುಗಿಯುತ್ತೆ. ಮನಸ್ಸಿದ್ದರೆ ಯಾರು ಬೇಕಾದರೂ ಮಾಡಬಹುದು.

11.20ಕ್ಕೆ ಅತ್ತಿಗೆ ಬರೆದರು. ಅತ್ತಿಗೆ ಪ್ರೈಮರಿ ಸ್ಕೂಲ್ ಟೀಚರ್. ಗುಂಪಿನಲ್ಲಿ ಮಾತು ಕಡಿಮೆ. ಒಂದೇ ಮನೆ, ಅವರು ಅಡುಗೆಮನೆಯಲ್ಲಿ, ನಾನು ರೂಮಿನಲ್ಲಿ. ಕರೆದು ಹೇಳಬಹುದಿತ್ತು. ಎಲ್ಲರ ಮುಂದೆಯೇ ಬರೆದರು.

ಅತ್ತಿಗೆ: ಪುಟ್ಟ, ಶುಕ್ರವಾರ ಸಂಜೆ 6.10. ನಿನ್ನ ಬಾಗಿಲ ಮೇಲೆ 'ಟೊಮ್ಯಾಟೊ ನಡೆಯುತ್ತಿದೆ, ಕರೆಯಬೇಡಿ' ಅಂತ ಚೀಟಿ. ನಾನು ಮುದ್ದೆಗೆ ಎಸರಿಟ್ಟಿದ್ದೆ. ಹಿಟ್ಟು ಹಾಕೋ ಹೊತ್ತಿಗೆ ಸಿಲಿಂಡರ್‌ನವರು ಬಂದರು. ಅವರಿಗೆ ದುಡ್ಡು ಕೊಟ್ಟು ಬಂದು ಹಿಟ್ಟು ಹಾಕಿದೆ. ಅತ್ತೆ ಬಿಪಿ ಮಾತ್ರೆ ಎಲ್ಲಿ ಅಂದರು. ಅದು ಕೊಟ್ಟೆ. ಪಾಪು ಏಳರ ಮಗ್ಗಿ ಒಪ್ಪಿಸುತ್ತಿದ್ದಳು, ಏಳೆಂಟಲ 54 ಅಂದಳು, ತಿದ್ದಿದೆ. ಕೋಲು ಹಿಡಿದು ತಿರುವಬೇಕು ಅನ್ನುವಾಗ ಬೆಲ್ ಆಯಿತು. ಪಾರ್ಸಲ್. ನಿನ್ನದೇ ಪಾರ್ಸಲ್. ಒಟಿಪಿ ನಿನ್ನ ಫೋನಿಗೆ ಬಂದಿತ್ತು. ಬಾಗಿಲು ತಟ್ಟಿದರೆ ಒಳಗಿಂದ 'ಇನ್ನು ಹನ್ನೊಂದು ನಿಮಿಷ' ಅಂದೆ. ಆ ಹುಡುಗ ಗೇಟಲ್ಲಿ ಹನ್ನೊಂದು ನಿಮಿಷ ನಿಂತ. ಅವನ ಟೊಮ್ಯಾಟೊ ಏನಾಯಿತು ಅಂತ ಅವನನ್ನೇ ಕೇಳಬೇಕು. ನಾನು ಒಳಗೆ ಬರೋ ಹೊತ್ತಿಗೆ ಹಿಟ್ಟು ಗಂಟು ಕಟ್ಟಿತ್ತು. ರಾತ್ರಿ ತಟ್ಟೆ ಮುಂದೆ ಕೂತು 'ಅತ್ತಿಗೆ, ಇವತ್ತು ಮುದ್ದೆ ಗಂಟು ಗಂಟು' ಅಂದವನೂ ನೀನೇ.

ಎರಡು ಸಲ ಓದಿದೆ. ಏನೋ ಬರೆದೆ, ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಮೇಲೆ 'ಟೈಪಿಂಗ್' ಅಂತ ತೋರಿಸುತ್ತಿದ್ದದ್ದು ಹದಿನೆಂಟು ಜನಕ್ಕೂ ಕಂಡಿರುತ್ತೆ.

ಚಿಕ್ಕಪ್ಪನ ಮಗಳು ಎಕನಾಮಿಕ್ಸ್ ಎಂಎ ಓದುತ್ತಿದ್ದಾಳೆ. ಇಂಥ ಹೊತ್ತಿಗೇ ಕಾಯುತ್ತಿರುತ್ತಾಳೆ.

ತಂಗಿ: ಅತ್ತಿಗೆ ಹೇಳಿದ್ದಕ್ಕೆ ಲೆಕ್ಕವೂ ಇದೆ. 2019ರಲ್ಲಿ ರಾಷ್ಟ್ರೀಯ ಅಂಕಿಅಂಶ ಕಚೇರಿಯವರು ಯಾರು ದಿನದ ಹೊತ್ತನ್ನ ಹೇಗೆ ಕಳೆಯುತ್ತಾರೆ ಅಂತ ದೇಶಾದ್ಯಂತ ಸರ್ವೆ ಮಾಡಿದರು. ಸಂಬಳ ಇಲ್ಲದ ಮನೆಗೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಗಂಡಸರು 97. ಅದೂ ಮಾಡೋ ಗಂಡಸರ ಲೆಕ್ಕ. ಗಂಡಸರಲ್ಲಿ ನೂರಕ್ಕೆ 26 ಜನ ಮಾತ್ರ ಮಾಡುತ್ತಾರೆ, ಹೆಂಗಸರಲ್ಲಿ ನೂರಕ್ಕೆ 81. 25ರಿಂದ ಭಾಗಿಸಿ ನೋಡಿ. ಅತ್ತಿಗೆಗೆ ದಿನಕ್ಕೆ ಹನ್ನೆರಡು ಟೊಮ್ಯಾಟೊ, ಅಣ್ಣಂದಿರಿಗೆ ನಾಲ್ಕಕ್ಕೂ ಕಡಿಮೆ.

ಭಾವ: ಅದು ಹಳೇದು. ಈಗ ಬದಲಾಗಿರುತ್ತೆ ಬಿಡಮ್ಮ.

ತಂಗಿ: ಬದಲಾಗಿದೆ ಭಾವ. 2024ರಲ್ಲಿ ಮತ್ತೆ ಮಾಡಿದರು. ಹೆಂಗಸರದು 289ಕ್ಕೆ ಇಳಿದಿದೆ. ಗಂಡಸರದೂ ಇಳಿದಿದೆ, 88ಕ್ಕೆ.

ಭಾವ ಆಮೇಲೆ ಮಲಗಲು ಹೋದರು.

ತಂಗಿ: ಇನ್ನೊಂದು. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಮನಸ್ಸಿನ ಒಂದು ಭಾಗ ಹಿಂದಿನದಕ್ಕೇ ಅಂಟಿಕೊಂಡಿರುತ್ತೆ ಅಂತ ಸೋಫಿ ಲೆರಾಯ್ ಅನ್ನೋರು 2009ರಲ್ಲಿ ಬರೆದಿದ್ದಾರೆ. ಅವರು ಹೇಳಿದ್ದು ಆಫೀಸಿನ ಕೆಲಸದ ಬಗ್ಗೆ. ಸಿಲಿಂಡರು, ಮಾತ್ರೆ, ಮಗ್ಗಿ, ಪಾರ್ಸಲ್ಲು, ಮುದ್ದೆ. ಅತ್ತಿಗೆ ಮನಸ್ಸು ಎಷ್ಟು ಕಡೆ ಅಂಟಿರುತ್ತೆ?

ಚಿಕ್ಕಪ್ಪ: ಓದಿದವರ ಲೆಕ್ಕ ಇರಲಿ. ನಮ್ಮಮ್ಮ ಹದಿನಾಲ್ಕು ಜನಕ್ಕೆ ಅಡುಗೆ ಮಾಡಿ, ರಾಗಿ ಬೀಸಿ, ಹೊಲಕ್ಕೂ ಬುತ್ತಿ ಹೊರುತ್ತಿದ್ದರು. ಒಂದು ದಿನ ಟೈಮ್ ಇಲ್ಲ ಅಂದವರಲ್ಲ.

ಇದಕ್ಕೆ ಅಮ್ಮನ ಧ್ವನಿ ಬಂತು. ಅಮ್ಮ ಬರೆಯುವುದಿಲ್ಲ, ಮಾತಾಡಿ ಕಳಿಸುತ್ತಾರೆ. ಹಿಂದೆ ಕುಕ್ಕರ್ ಕೂಗುತ್ತಿತ್ತು. "ಅನ್ನಲಿಲ್ಲ, ನಿಜ. ಕೇಳಿದವರು ಯಾರು? ಹದಿನಾಲ್ಕು ಜನದ್ದು ಆದ ಮೇಲೆ ಒಲೆ ಮುಂದೆಯೇ ಕೂತು ಉಣ್ಣುತ್ತಿದ್ದರು, ತಳ ಹತ್ತಿದ್ದು. ನಾನು ಈ ಮನೆಗೆ ಬಂದ ಮೇಲೆ ಅತ್ತೆ ಹಗಲು ಹೊತ್ತು ಮಲಗಿದ್ದು ನಾನು ನೋಡಿದ್ದೇ ಕೊನೇ ಮೂರು ತಿಂಗಳು."

ಗುಂಪು ಸುಮಾರು ಹೊತ್ತು ಸುಮ್ಮನಿತ್ತು. ಚಿಕ್ಕಪ್ಪ ಬರೆದ ಮೊದಲಿನ ಸಂದೇಶ ಅಳಿಸಿಹೋಗಿತ್ತು. ಅಲ್ಲಿ ಈಗ 'ಈ ಸಂದೇಶ ಅಳಿಸಲಾಗಿದೆ' ಅಂತ ಮಾತ್ರ ಇತ್ತು. ಒಳ್ಳೇ ಮನುಷ್ಯರು, ಬಾಯಿ ಸ್ವಲ್ಪ ಮುಂದೆ ಅಷ್ಟೇ.

ಕೊನೆಗೆ ನಾನೇ ಬರೆದೆ.

ನಾನು: ತಪ್ಪಾಯಿತು ಅತ್ತಿಗೆ. ಚೀಟಿ ತೆಗೆದುಬಿಡುತ್ತೇನೆ. ಇನ್ನು ಈ ಟೊಮ್ಯಾಟೊ ಬೇಡ.

ಅತ್ತಿಗೆ: ಬೇಡ ಅಂತ ನಾನೆಲ್ಲಿ ಅಂದೆ? ನಿನ್ನ ರಿಪೋರ್ಟು ಬೇಗ ಮುಗಿಯೋದನ್ನ ನಾನೂ ನೋಡಿದ್ದೇನೆ. ಅದಕ್ಕೇ ನನಗೂ ಬೇಕು. 40 ಉತ್ತರ ಪತ್ರಿಕೆ ತಿದ್ದಬೇಕು. ಒಂದಕ್ಕೆ ಐದು ನಿಮಿಷ. 200 ನಿಮಿಷ, ಅಂದರೆ ಎಂಟು ಟೊಮ್ಯಾಟೊ. ಈಗ ರಾತ್ರಿ ಎಲ್ಲರೂ ಮಲಗಿದ ಮೇಲೆ ಕೂತರೆ ನಾಲ್ಕು ದಿನ ಹಿಡಿಯುತ್ತೆ. ಐದನೇ ಪತ್ರಿಕೆಗೇ ಕಣ್ಣು ಕೂಡುತ್ತೆ, ಯಾರಿಗೆ ಎಷ್ಟು ಕೊಟ್ಟೆ ಅಂತ ಮತ್ತೆ ಹಿಂದೆ ಹೋಗಿ ನೋಡಬೇಕು. ಸೋಮವಾರ ಸಂಜೆ ನಾಲ್ಕು, ಮಂಗಳವಾರ ನಾಲ್ಕು. ಬಾಗಿಲು ಹಾಕಿಕೊಂಡು. ಕೊಡುತ್ತೀರಾ?

ಅಣ್ಣ: ನನಗೆ ಅಡುಗೆ ಬರಲ್ಲವಲ್ಲ.

ಅತ್ತಿಗೆ: ಬಾಗಿಲು ತೆಗೆಯೋಕೆ ಬರುತ್ತಲ್ಲ. ಮಗ್ಗಿ ಬರುತ್ತಲ್ಲ.

ಅಣ್ಣ: ಸೋಮವಾರ ಗಾಡಿ ಏಳಕ್ಕೆ ಬಂಗಾರಪೇಟೆ. ಮನೆಗೆ ಏಳೂವರೆ.

ನಾನು: ಏಳೂವರೆವರೆಗೆ ನಾನು. ಆಮೇಲೆ ಅಣ್ಣ.

ಅಷ್ಟರಲ್ಲಿ ದೊಡ್ಡಪ್ಪ ಮತ್ತೆ ಬಂದರು. ಮಧ್ಯಾಹ್ನ ಪೂರ್ತಿ ತೋಟದಲ್ಲಿದ್ದರಂತೆ, ಎಲ್ಲ ಒಟ್ಟಿಗೆ ಓದಿದರಂತೆ.

ದೊಡ್ಡಪ್ಪ: ಬೆಳಿಗ್ಗೆ ಟೊಮ್ಯಾಟೊ ಗಾಡಿಯಲ್ಲಿ ಒಂದು ಮೂಟೆ ಅವರೆಕಾಯಿ ಕಳಿಸುತ್ತಿದ್ದೇನೆ. ಸೊಗಡು ಚೆನ್ನಾಗಿದೆ. ಬಿಡಿಸೋರು ಯಾರು, ಹಿದುಕೋರು ಯಾರು ಅಂತ ಈಗಲೇ ಹೇಳಿಕೊಳ್ಳಿ. ಆಮೇಲೆ ನನ್ನ ಸೊಸೆ ನನ್ನನ್ನ ಬೈಯಬಾರದು.

ಅತ್ತಿಗೆ: ನಿಮ್ಮನ್ನ ಯಾಕೆ ಬೈಯಲಿ ದೊಡ್ಡಮಾವ. ಪತ್ರಿಕೆ ಮುಗಿಯೋವರೆಗೂ ನಾನು ಅವರೆ ಮುಟ್ಟಲ್ಲ, ಅಷ್ಟೇ.

ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಆಮೇಲೆ:

ಚಿಕ್ಕಪ್ಪ: ಕಾಯಿ ಬಿಡಿಸೋಕೆ ನಾನು ಬರುತ್ತೇನೆ. ಹಿದುಕೋದು ಆಗಲ್ಲ, ಉಗುರು ನೋಯುತ್ತೆ.

ತಂಗಿ: ಅಪ್ಪಾ, 5 ನಿಮಿಷ ಬಿಡುವು ಇರುತ್ತೆ.

ಸೋಮವಾರ ಆರಕ್ಕೆ ಲ್ಯಾಪ್‌ಟಾಪ್ ಮುಚ್ಚಿದೆ. ಅತ್ತಿಗೆ ನನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಚೀಟಿ ನನ್ನದೇ, ತೆಗೆದಿರಲಿಲ್ಲ. ಹಾಲಿನಲ್ಲಿ ಚಿಕ್ಕಪ್ಪ ಪೇಪರ್ ಹಾಸಿಕೊಂಡು ಅವರೆಕಾಯಿ ಮುಂದೆ ಕೂತಿದ್ದರು, ಕೈ ತುಂಬಾ ಸೊನೆ. ಅಮ್ಮ ದೇವಸ್ಥಾನಕ್ಕೆ ಹೋಗಿದ್ದರು, ಬೇಕೆಂದೇ ಹೋದರು ಅಂತ ನನ್ನ ಅನುಮಾನ. ನಾನು ಎಸರಿಟ್ಟೆ. ಪಾಪು ಎಂಟರ ಮಗ್ಗಿ ಶುರು ಮಾಡಿದಳು. ಎಸರು ಕುದಿಯಿತು. ಹಿಟ್ಟಿನ ಡಬ್ಬ ಸಿಕ್ಕಿತು, ಅಳತೆ ಗೊತ್ತಿರಲಿಲ್ಲ. ಬೆಲ್ ಆಯಿತು. ಚಿಕ್ಕಪ್ಪ ಕೈ ಎತ್ತಿ ತೋರಿಸಿದರು, ಸೊನೆ ಅಂತ. ಪಾಪು ಎಂಟೇಳಲ ಎಷ್ಟು ಅಂತ ಕೇಳಿದಳು.

ಅತ್ತಿಗೆಗೆ ವಾಟ್ಸಾಪಲ್ಲಿ ಬರೆದೆ: 'ಎರಡು ಚೊಂಬು ನೀರಿಗೆ ಹಿಟ್ಟು ಎಷ್ಟು?' ಒಂದೇ ಟಿಕ್. ಫೋನ್ ಆಫ್ ಮಾಡಿದ್ದಾರೆ. ಹೋಗಿ ಬಾಗಿಲು ತಟ್ಟಿದೆ.

"ಇನ್ನು ಹನ್ನೊಂದು ನಿಮಿಷ" ಅಂದರು ಒಳಗಿಂದ.